ತಮಿಳು ಬರ್ದೇ ಇರೋ ತಮಿಳು ಡೈರೆಕ್ಟರ್: ಎಲ್ಲಿಸ್ ಡಂಗನ್ ಕಥೆ

[ಕಪ್ಪು ಬಿಳುಪು ಫೋಟೋ: ಹಳೇ ಕ್ಯಾಮೆರಾ ಪಕ್ಕ ನಿಂತಿರೋ ಡಂಗನ್]

ಎಂ.ಜಿ.ಆರ್ ಫಸ್ಟ್ ಸಿನಿಮಾ ಡೈರೆಕ್ಟ್ ಮಾಡಿದ್ದು ಯಾರು ಅಂತ ಕೇಳಿದ್ರೆ ತಮಿಳು ಸಿನಿಮಾ ಅರೆದು ಕುಡಿದೋರೂ ಒಂದ್ ನಿಮಿಷ ತಡವರಿಸ್ತಾರೆ, ಯಾಕಂದ್ರೆ ಆ ಮನುಷ್ಯ ಮದ್ರಾಸಿನವನಲ್ಲ, ಇಂಡಿಯಾದವನೇ ಅಲ್ಲ. ಅಮೆರಿಕದ ಓಹಾಯೋ ರಾಜ್ಯದ ಬಾರ್ಟನ್ ಅನ್ನೋ ಊರಲ್ಲಿ 1909ರಲ್ಲಿ ಹುಟ್ಟಿದ ಎಲ್ಲಿಸ್ ಆರ್. ಡಂಗನ್. ಸುಮಾರು ಹದಿನೈದು ವರ್ಷ ಇಲ್ಲೇ ಇದ್ದು ತಮಿಳಲ್ಲಿ ದೊಡ್ಡ ದೊಡ್ಡ ಹಿಟ್ ಕೊಟ್ರು, ತಮಿಳು ಮಾತ್ರ ಕಲೀಲಿಲ್ಲ. ಭಾಷೆ ಗೊತ್ತಿಲ್ದೇ ಡೈಲಾಗ್ ಸಿನಿಮಾ ಹೇಗ್ ಮಾಡ್ತಾರೆ, ಅದೇ ಇವತ್ತಿನ ವಿಡಿಯೋ.

ಇಲ್ಲಿಗ್ ಬಂದಿದ್ದೇ ಒಂಥರಾ ಆಕಸ್ಮಿಕ. ಡಂಗನ್ ಲಾಸ್ ಏಂಜಲೀಸ್‌ನಲ್ಲಿ ಯೂನಿವರ್ಸಿಟಿ ಆಫ್ ಸದರ್ನ್ ಕ್ಯಾಲಿಫೋರ್ನಿಯಾದಲ್ಲಿ ಸಿನಿಮಾ ಓದ್ತಿದ್ದಾಗ ಮಾಣಿಕ್ ಲಾಲ್ ಟಂಡನ್ ಅಂತ ಇಂಡಿಯಾದ ಹುಡ್ಗ ಕ್ಲಾಸ್‌ಮೇಟ್, ಬನ್ರೋ ನಮ್ಮೂರಲ್ಲಿ ಸಿನಿಮಾ ಮಾಡೋಣ ಅಂತ ಕರೆದ, ಇವ್ರೂ ಇನ್ನೊಬ್ಬ ಫ್ರೆಂಡೂ 1935ರಲ್ಲಿ ಬಂದಿಳಿದ್ರು. ಅಂದ್ಕೊಂಡಿದ್ದ ಪ್ಲಾನ್ ಕೈ ಕೊಡ್ತು. ಅಷ್ಟರಲ್ಲಿ ಟಂಡನ್‌ಗೆ ‘ಭಕ್ತ ನಂದನಾರ್’ ಡೈರೆಕ್ಟ್ ಮಾಡೋ ಚಾನ್ಸ್ ಸಿಕ್ತು, ಅದೇ, ಕೆ.ಬಿ. ಸುಂದರಾಂಬಾಳ್ ಗಂಡು ಪಾತ್ರ ಮಾಡಿ ಆ ಕಾಲಕ್ಕೇ ಒಂದ್ ಲಕ್ಷ ರೂಪಾಯಿ ಸಂಭಾವನೆ ತಗೊಂಡ ಸಿನಿಮಾ. ಡಂಗನ್ ಅದ್ರಲ್ಲಿ ಕೈ ಜೋಡಿಸಿದ್ರು. ಆಮೇಲೆ ಇನ್ನೊಂದ್ ಆಫರ್ ಬಂದಾಗ ಟಂಡನ್, ನನಗೆ ಪುರುಸೊತ್ತಿಲ್ಲ, ಇವನನ್ನ ಹಾಕ್ಕೊಳ್ಳಿ ಅಂತ ಫ್ರೆಂಡ್ ಹೆಸರು ಹೇಳಿದ. ಆ ಸಿನಿಮಾನೇ 1936ರ ‘ಸತಿ ಲೀಲಾವತಿ’.

[ಸ್ಕ್ರೀನ್ ಮೇಲೆ: ಸತಿ ಲೀಲಾವತಿ, 1936]

ಹೀರೋ ಎಂ.ಕೆ. ರಾಧಾ, ಕಥೆ ಎಸ್.ಎಸ್. ವಾಸನ್ ಅವ್ರದ್ದು, ಮುಂದೆ ಜೆಮಿನಿ ಸ್ಟುಡಿಯೋ ಕಟ್ಟಿದ್ರಲ್ಲ ಅದೇ ವಾಸನ್. ಎಂ.ಜಿ.ಆರ್‌ಗೆ ಸಣ್ಣದೊಂದು ಪೊಲೀಸ್ ಇನ್ಸ್‌ಪೆಕ್ಟರ್ ರೋಲು. ಕಾಮಿಡಿಯ ಎನ್.ಎಸ್. ಕೃಷ್ಣನ್, ಟಿ.ಎಸ್. ಬಾಲಯ್ಯ, ಇವ್ರಿಗೂ ಶುರುವಾತು ಇಲ್ಲಿಂದಾನೇ.

ಆಗಿನ ಸಿನಿಮಾ ಹೇಗಿತ್ತು ಅನ್ನೋದು ಸ್ವಲ್ಪ ಗೊತ್ತಿರ್ಬೇಕು. ಟಾಕಿ, ಅಂದ್ರೆ ಮಾತಾಡೋ ಸಿನಿಮಾ, ಬಂದು ಇನ್ನೂ ನಾಲ್ಕೈದು ವರ್ಷ, ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನಾ’ ಬಂದಿದ್ದೇ 1934ರಲ್ಲಿ. ನಟರೆಲ್ಲ ಬಾಯ್ಸ್ ಕಂಪನಿ, ಅಂದ್ರೆ ಹುಡುಗರನ್ನೇ ಇಟ್ಕೊಂಡು ನಾಟಕ ಆಡಿಸೋ ಕಂಪನಿಗಳಿಂದ ಬಂದೋರು, ಕ್ಯಾಮೆರಾ ಒಂದ್ಕಡೆ ಹುಗಿದ್ ನಿಲ್ಸೋದು, ಪಾತ್ರಧಾರಿಗಳು ಸಾಲಾಗಿ ನಿಂತು ಕೊನೇ ಬೆಂಚಿನೋನಿಗೂ ಕೇಳೋ ಹಾಗೆ ಡೈಲಾಗ್ ಒದರೋದು, ಮಧ್ಯೆ ಮಧ್ಯೆ ಹಾಡು, ಕೆಲವು ಸಿನಿಮಾದಲ್ಲಿ ನಲವತ್ತಕ್ಕೂ ಜಾಸ್ತಿ ಹಾಡು. ಅಂದ್ರೆ ನಾಟಕಾನೇ ರೀಲಿಗೆ ತುಂಬಿದ್ದು.

ಇಂಥಾ ಜಾಗಕ್ಕೆ ಬಂದ ಡಂಗನ್ ಮೊದ್ಲು ಸ್ಕ್ರಿಪ್ಟನ್ನ ಇಂಗ್ಲಿಷಿಗೆ ಮಾಡಿಸ್ಕೊಳ್ತಿದ್ರು, ಅದನ್ನ ಓದಿ ಯಾವ ಶಾಟ್ ಎಲ್ಲಿಂದ ಅಂತ ಮೊದಲೇ ಪ್ಲಾನ್ ಹಾಕೋದು, ಸೆಟ್ಟಲ್ಲಿ ತಮಿಳು ಬಲ್ಲ ಅಸಿಸ್ಟೆಂಟ್‌ಗಳು ಪಕ್ಕದಲ್ಲೇ ಇರ್ತಿದ್ರು, ಮಾತು ತಪ್ಪಿದ್ಯಾ ಸರಿ ಇದ್ಯಾ ಅನ್ನೋದು ಅವ್ರ ಜವಾಬ್ದಾರಿ. ಹಂಗಾದ್ರೆ ಇವ್ರು ಏನ್ ನೋಡ್ತಿದ್ರು? ಮುಖ ನೋಡ್ತಿದ್ರು, ಬೆಳಕು ನೋಡ್ತಿದ್ರು, ಕ್ಯಾಮೆರಾ ಎಲ್ಲಿಂದ ಎಲ್ಲಿಗೆ ಓಡಾಡ್ಬೇಕು ಅಂತ ನೋಡ್ತಿದ್ರು. ನನ್ ಪ್ರಕಾರ ಭಾಷೆ ಬರ್ದೇ ಇದ್ದಿದ್ದೇ ಅವ್ರಿಗೆ ಲಾಭ ಆಯ್ತು. ಡೈಲಾಗಿನ ಅಂದಕ್ಕೆ ಮರುಳಾಗೋ ಚಾನ್ಸೇ ಇಲ್ವಲ್ಲ, ಮಾತಿಲ್ದೇನೂ ಸೀನ್ ಅರ್ಥ ಆಗ್ತಿದ್ಯಾ ಅನ್ನೋದೊಂದೇ ಅವ್ರ ಕೈಲಿದ್ದ ಅಳತೆಗೋಲು. ಹಾಗಂತ ಒಬ್ರೇ ಎಲ್ಲಾ ಮಾಡಿದ್ರು ಅಂತ ಪೂಜೆ ಮಾಡೋದು ಬೇಡ, ಆ ಅಸಿಸ್ಟೆಂಟ್‌ಗಳಿಲ್ದಿದ್ರೆ ಮೊದಲ್ನೇ ದಿನಾನೇ ಪ್ಯಾಕಪ್.

1937ರಲ್ಲಿ ‘ಅಂಬಿಕಾಪತಿ’ ಬಂತು, ಹೀರೋ ಎಂ.ಕೆ. ತ್ಯಾಗರಾಜ ಭಾಗವತರ್. ತಮಿಳಲ್ಲಿ ರಾಮಾಯಣ ಬರೆದ ಕವಿ ಕಂಬನ ಮಗನಿಗೂ ರಾಜಕುಮಾರಿಗೂ ಲವ್ವು, ಡಂಗನ್ ಇದನ್ನ ರೋಮಿಯೋ ಜೂಲಿಯೆಟ್ ಕಣ್ಣಲ್ಲಿ ನೋಡಿದ್ರು, ಹೀರೋ ಹೀರೋಯಿನ್ ದೂರ ನಿಂತು ಹಾಡೋ ಬದ್ಲು ಹತ್ರ ಬಂದ್ರು, ಜನ ಮುಗಿಬಿದ್ರು. ಮಜಾ ಏನಂದ್ರೆ ಅದೇ ವರ್ಷ ಅದೇ ಭಾಗವತರ್‌ದು ಇನ್ನೊಂದು ಸೂಪರ್ ಹಿಟ್ ‘ಚಿಂತಾಮಣಿ’, ಅದರ ಡೈರೆಕ್ಟರ್ ನಮ್ಮ ‘ಸತಿ ಸುಲೋಚನಾ’ ಮಾಡಿದ ವೈ.ವಿ. ರಾವ್.

ಆದ್ರೆ ಡಂಗನ್ ಹೆಸರು ಇವತ್ತಿಗೂ ಉಳಿದಿರೋದು ಎಂ.ಎಸ್. ಸುಬ್ಬುಲಕ್ಷ್ಮಿ ಸಿನಿಮಾಗಳಿಂದ. 1940ರಲ್ಲಿ ‘ಶಕುಂತಲೈ’, ದುಷ್ಯಂತ ಯಾರು ಅಂದ್ರೆ ಸಂಗೀತದ ಜಿ.ಎನ್. ಬಾಲಸುಬ್ರಮಣ್ಯಂ. ಆಮೇಲೆ 1945ರಲ್ಲಿ ‘ಮೀರಾ’.

[ಮೀರಾ ಸ್ಟಿಲ್‌ಗಳು, ನಿಧಾನಕ್ಕೆ]

ಇದರ ತಯಾರಿ ಕೇಳಿ. ಎಂ.ಎಸ್. ಮುಖದ ಒಂದು ಪ್ಲಾಸ್ಟರ್ ಪ್ರತಿಮೆ ಮಾಡಿಸಿ, ಕ್ಯಾಮೆರಾಮನ್ ಜಿತೇನ್ ಬ್ಯಾನರ್ಜಿ ಜೊತೆ ಕೂತು ಅದರ ಮೇಲೆ ಬೇರೆ ಬೇರೆ ಕಡೆಯಿಂದ ಲೈಟ್ ಬಿಟ್ಟು ಟೆಸ್ಟ್ ಮಾಡಿದ್ರು, ಯಾವ ಆ್ಯಂಗಲ್‌ನಲ್ಲಿ ಭಕ್ತಿ ಕಾಣ್ಸುತ್ತೆ, ಎಲ್ಲಿ ನೆರಳು ಬೀಳುತ್ತೆ ಅಂತ. ಲೈಟ್ ಹಾಕಿದ್ರೆ ಸಾಕು, ಮುಖ ಕಂಡ್ರೆ ಆಯ್ತು ಅನ್ನೋ ಕಾಲ ಅದು! ಬಾಲ ಮೀರಾ ಹಾಡ್ತಾ ಹಾಡ್ತಾ ದೊಡ್ಡ ಮೀರಾ ಆಗೋ ಸೀನ್ ಇದ್ಯಲ್ಲ, ಪುಟ್ಟ ಮೀರಾ ಆಗಿರೋದು ರಾಧಾ, ಎಂ.ಎಸ್. ಅವ್ರ ಮಲಮಗಳು. ವಯಸ್ಸು ದಾಟೋದನ್ನ ಒಂದ್ ಮಾತೂ ಆಡ್ದೇ ಹಾಡಲ್ಲೇ ಮುಗಿಸ್ತಾರೆ. ಸಿಕ್ಕಿದ್ರೆ ಸೌಂಡ್ ಆಫ್ ಮಾಡಿ ಒಂದ್ಸಲ ನೋಡಿ, ಡಂಗನ್‌ಗೆ ಆ ಸಿನಿಮಾ ಹೇಗ್ ಕಂಡಿರ್ಬಹುದು ಅಂತ ಅಂದಾಜಾಗುತ್ತೆ (ಆಮೇಲೆ ಸೌಂಡ್ ಆನ್ ಮಾಡ್ಕೊಳ್ಳಿ ಮಾರಾಯ್ರೇ, ಹಾಡ್ತಿರೋದು ಎಂ.ಎಸ್!). ಹಿಂದಿ ವರ್ಷನ್ 1947ರಲ್ಲಿ ಬಂತು, ಅದರಲ್ಲಿ ಸರೋಜಿನಿ ನಾಯ್ಡು ತೆರೆ ಮೇಲೆ ಬಂದು ಎಂ.ಎಸ್. ಅವ್ರನ್ನ ಪರಿಚಯ ಮಾಡಿಸ್ತಾರೆ.

ಕೊನೇಲಿ ಸೇಲಂನ ಮಾಡರ್ನ್ ಥಿಯೇಟರ್ಸ್‌ಗೆ ಎರಡು ಸಿನಿಮಾ, ಎರಡೂ 1950. ‘ಪೊನ್‌ಮುಡಿ’ಯ ಲವ್ ಸೀನ್‌ಗಳನ್ನ ನೋಡಿ ಇದೇನ್ ಅಸಹ್ಯ ಅಂತ ಬೈಗುಳ ಬಿತ್ತು. ‘ಮಂತ್ರಿ ಕುಮಾರಿ’ಗೆ ಡೈಲಾಗ್ ಬರೆದಿದ್ದು ಕರುಣಾನಿಧಿ, ಹೀರೋ ಎಂ.ಜಿ.ಆರ್. ಮುಂದೆ ಮುಖ್ಯಮಂತ್ರಿ ಆಗೋ ಇಬ್ರು ಒಂದೇ ಸಿನಿಮಾದಲ್ಲಿ, ಡೈರೆಕ್ಟರ್‌ಗೆ ಆ ಖಡಕ್ ಡೈಲಾಗ್ ಒಂದೂ ಅರ್ಥ ಆಗಲ್ಲ, ಇಂಥಾ ಕಾಂಬಿನೇಷನ್ ಮತ್ತೆ ಎಲ್ಲಿ ಸಿಗುತ್ತೆ ಹೇಳಿ. ಅದು ಮುಗಿಯೋ ಮುಂಚೆನೇ ಡಂಗನ್ ಅಮೆರಿಕಾಗೆ ಹೊರಟ್ರು, ಉಳಿದಿದ್ದನ್ನ ಸ್ಟುಡಿಯೋ ಓನರ್ ಟಿ.ಆರ್. ಸುಂದರಂ ಮುಗಿಸಿದ್ರು, ಟೈಟಲ್‌ನಲ್ಲಿ ಇಬ್ರ ಹೆಸರೂ ಇದೆ. ನೋಡಿದ್ರೆ ಟೈಮಿಂಗೂ ಸರಿ ಇತ್ತು, ಯಾಕಂದ್ರೆ ಅಲ್ಲಿಂದಾಚೆಗೆ ತಮಿಳು ಸಿನಿಮಾ ಡೈಲಾಗಿನ ಮೇಲೇ ಓಡೋಕೆ ಶುರುವಾಯ್ತು, ಜನ ಸಂಭಾಷಣೆ ಕೇಳೋಕೆ ಅಂತಾನೇ ಥಿಯೇಟರಿಗೆ ಬರ್ತಿದ್ರು.

ಅಮೆರಿಕದಲ್ಲಿ ವೆಸ್ಟ್ ವರ್ಜೀನಿಯಾದ ವೀಲಿಂಗ್‌ನಲ್ಲಿ ಸೆಟ್ಲ್ ಆದ್ರು, ಸ್ವಂತ ಪ್ರೊಡಕ್ಷನ್ ಕಂಪನಿ ಮಾಡ್ಕೊಂಡು ಡಾಕ್ಯುಮೆಂಟರಿ, ಕಂಪನಿಗಳಿಗೆ ಬೇಕಾದ ಚಿತ್ರ ಅಂತ ಪ್ರೊಡ್ಯೂಸರ್ ಆಗಿ ಕೆಲಸ ಮಾಡಿದ್ರು. ಇಲ್ಲಿ ಎಂ.ಎಸ್., ಎಂ.ಜಿ.ಆರ್ ಜೊತೆ ಕೆಲಸ ಮಾಡಿದ ಮನುಷ್ಯನಿಗೆ ಅಲ್ಲಿ ಹಾಲಿವುಡ್ ಅಷ್ಟೇನೂ ಬಾಗಿಲು ತೆಗೀಲಿಲ್ಲ. 2001ರಲ್ಲಿ ತೀರ್ಕೊಂಡ್ರು, ಆತ್ಮಕಥೆ ಬಂದಿದ್ದೂ ಅದೇ ವರ್ಷ. ಕರಣ್ ಬಾಲಿ ಅನ್ನೋರು ಇವ್ರ ಮೇಲೆ ‘ಆ್ಯನ್ ಅಮೆರಿಕನ್ ಇನ್ ಮದ್ರಾಸ್’ ಅಂತ ಡಾಕ್ಯುಮೆಂಟರಿನೂ ಮಾಡಿದ್ದಾರೆ.

ಅಂದ ಹಾಗೆ ಡಂಗನ್ ಮದ್ರಾಸಲ್ಲಿ ಸಿನಿಮಾ ಶುರು ಮಾಡಿದ ಟೈಮಲ್ಲೇ ಬಾಂಬೆಯಲ್ಲಿ ಇನ್ನೊಬ್ಬ ವಿದೇಶಿ ಡೈರೆಕ್ಟರ್ ಇದ್ರು, ಬಾಂಬೆ ಟಾಕೀಸ್‌ನ ಫ್ರಾನ್ಜ್ ಓಸ್ಟನ್, ‘ಅಛೂತ್ ಕನ್ಯಾ’ ಮಾಡಿದೋರು. ಜರ್ಮನ್ ಆಗಿದ್ರಿಂದ ಎರಡನೇ ಮಹಾಯುದ್ಧ ಶುರುವಾಗ್ತಿದ್ದಂಗೆ ಬ್ರಿಟಿಷರು ಹಿಡಿದು ಒಳಗೆ ಹಾಕಿದ್ರು. ಆ ಕಥೆ ಬೇಕಿದ್ರೆ ಕಾಮೆಂಟಲ್ಲಿ ಹಾಕಿ, ಮಾಡೋಣ.