ಸೊನ್ನೆ ಬಿಲ್ಲಿನ ಮನೆಗೂ ಸೋಲಾರ್ ಸಬ್ಸಿಡಿ ಬರಲಿ

ನಮಸ್ಕಾರ. ಇವತ್ತು ಸೋಲಾರ್ ಸಬ್ಸಿಡಿ ಬಗ್ಗೆ ಮಾತಾಡೋಣ.

ಕೇಂದ್ರ ಸರ್ಕಾರದ ಪಿಎಂ ಸೂರ್ಯ ಘರ್ ಯೋಜನೆ ಶುರುವಾಗಿದ್ದು 2024ರ ಫೆಬ್ರವರಿಯಲ್ಲಿ. ದೇಶದ ಒಂದು ಕೋಟಿ ಮನೆಗಳ ಮೇಲೆ ಪ್ಯಾನೆಲ್ ಕೂರಿಸಬೇಕು ಅನ್ನೋದು ಗುರಿ. ಅದಕ್ಕೆ 75,021 ಕೋಟಿ ರೂಪಾಯಿ ಎತ್ತಿಟ್ಟಿದ್ದಾರೆ. ಒಂದು ಕಿಲೋವ್ಯಾಟ್ ಹಾಕಿಸಿದರೆ 30,000 ಸಬ್ಸಿಡಿ, ಎರಡಕ್ಕೆ 60,000. ಮೂರು ಅಥವಾ ಅದಕ್ಕಿಂತ ಜಾಸ್ತಿ ಆದರೆ 78,000, ಅಲ್ಲಿಗೆ ನಿಂತಿತು. ಯೋಜನೆ ಚೆನ್ನಾಗಿದೆ, ನಾನು ಮನಸಾರೆ ಒಪ್ಪುತ್ತೇನೆ. ನನ್ನ ತಕರಾರು ಒಂದೇ. ಈ ದುಡ್ಡು ಹೋಗಿ ಸೇರುವುದು ಮೊದಲೇ ಕೈಯಲ್ಲಿ ದುಡ್ಡಿರುವವರಿಗೆ.

ಯಾಕೆ ಹಾಗೆ? ಮಾಮೂಲಿ ದಾರಿಯಲ್ಲಿ ಹೋದರೆ ಪೂರ್ತಿ ಹಣ ಮೊದಲು ನೀವೇ ಹೊಂದಿಸಬೇಕು. ಪ್ಯಾನೆಲ್ ಕೂರಬೇಕು, ಎಸ್ಕಾಂನವರು, ಅಂದರೆ ಬೆಸ್ಕಾಂ, ಮೆಸ್ಕಾಂ ಥರದ ಕರೆಂಟು ಕಂಪನಿಯವರು, ಬಂದು ನೋಡಬೇಕು, ಬಂದ ಕರೆಂಟು ಹೋದ ಕರೆಂಟು ಎರಡನ್ನೂ ಎಣಿಸುವ ಮೀಟರ್ ಹಾಕಬೇಕು. ಅದೆಲ್ಲ ಮುಗಿದ ಮೇಲೆ ಸಬ್ಸಿಡಿ ಖಾತೆಗೆ ಬರುತ್ತದೆ. ಬ್ಯಾಂಕ್ ಸಾಲ ಇದೆಯಲ್ಲ ಅಂತೀರಿ. ಇದೆ, ಅಡಮಾನ ಇಲ್ಲದೆ ಕೊಡುತ್ತಾರೆ, ಬಡ್ಡಿಯೂ ಕಡಿಮೆ. ತಿಂಗಳಿಗೆ ಮೂರು ಸಾವಿರ ಬಿಲ್ ಕಟ್ಟುವವರಿಗೆ ಅದು ಸಲೀಸು, ಬಿಲ್ಲಿನಲ್ಲಿ ಉಳಿದಿದ್ದು ಕಂತಿಗೆ ಹೋಗುತ್ತದೆ. ಆದರೆ ಬಿಲ್ಲೇ ಬಾರದ ಮನೆಗೆ?

ನಮ್ಮ ರಾಜ್ಯದ ವಿಷಯ ಬರುವುದು ಇಲ್ಲಿಯೇ. 2023ರಿಂದ ಗೃಹಜ್ಯೋತಿ ಇದೆ. ನಿಮ್ಮ ಹಿಂದಿನ ಸರಾಸರಿ ಬಳಕೆ, ಅದರ ಮೇಲೆ ಶೇಕಡ 10, ಒಟ್ಟು 200 ಯೂನಿಟ್ ಒಳಗಿದ್ದರೆ ಬಿಲ್ ಸೊನ್ನೆ. ಗೃಹಜ್ಯೋತಿ ಬೇಡ ಅಂತ ನಾನು ಹೇಳುತ್ತಿಲ್ಲ. ದುಡಿಮೆ ನಂಬಿಕೊಂಡ ಮನೆಗಳಿಗೆ ಅದರಿಂದ ಎಷ್ಟು ಆಸರೆ ಆಗಿದೆ ಅಂತ ಗೊತ್ತು. ಆದರೆ ಸೊನ್ನೆ ಬಿಲ್ ಬರುವವರು ಸಾಲ ಮಾಡಿ ಪ್ಯಾನೆಲ್ ಯಾಕೆ ಹಾಕಿಸುತ್ತಾರೆ? ಯಾರೂ ಹಾಕಿಸಲ್ಲ, ಅದು ಅವರ ತಪ್ಪೂ ಅಲ್ಲ.

ಹಾಗಂತ ಆ ಕರೆಂಟು ಪುಕ್ಕಟೆ ಬರುತ್ತಿಲ್ಲ. ಆ ಮನೆಯ ಪರವಾಗಿ ರಾಜ್ಯ ಸರ್ಕಾರ ಎಸ್ಕಾಂಗೆ ಪ್ರತಿ ತಿಂಗಳೂ ಹಣ ಕಟ್ಟುತ್ತಿದೆ. ಸ್ವಲ್ಪ ಲೆಕ್ಕ ಹಾಕೋಣ. ತಿಂಗಳಿಗೆ 150 ಯೂನಿಟ್ ಬಳಸುವ ಮನೆ. 2025ರ ಏಪ್ರಿಲ್‌ನ ದರ ಯೂನಿಟ್‌ಗೆ 5 ರೂಪಾಯಿ 80 ಪೈಸೆ. ತಿಂಗಳಿಗೆ 870, ವರ್ಷಕ್ಕೆ 10,440 ರೂಪಾಯಿ. ಫಿಕ್ಸೆಡ್ ಚಾರ್ಜ್ ಬಿಟ್ಟೇ ಹೇಳುತ್ತಿದ್ದೇನೆ. ಈಗ ಅದೇ ಮನೆಗೆ ಎರಡು ಕಿಲೋವ್ಯಾಟ್ ಸೋಲಾರ್ ಹಾಕಿ. ಖರ್ಚು 1 ಲಕ್ಷದ 30 ಸಾವಿರ ಅಂತ ಇಟ್ಟುಕೊಳ್ಳಿ. ಕೇಂದ್ರದ 60,000 ಕಳೆದರೆ ಉಳಿಯೋದು 70,000. ಅಂದರೆ ರಾಜ್ಯ ಆ ಮನೆಗೆ ಏಳು ವರ್ಷದಲ್ಲಿ ಹೇಗೂ ಕೊಡುವ ದುಡ್ಡು! ಪ್ಯಾನೆಲ್ ಬಾಳಿಕೆ ಬರುವುದು ಸುಮಾರು 25 ವರ್ಷ. ಒಂದು ಕಿಲೋವ್ಯಾಟ್‌ನಿಂದ ದಿನಕ್ಕೆ ಹೆಚ್ಚುಕಡಿಮೆ ನಾಲ್ಕು ಯೂನಿಟ್ ಅಂದರೂ ತಿಂಗಳಿಗೆ 240 ಯೂನಿಟ್. ಮನೆಗೆ ಬೇಕಾಗಿದ್ದು 150.

ರಾತ್ರಿ ಕರೆಂಟು ಗ್ರಿಡ್‌ನಿಂದಲೇ ಬರಬೇಕು, ಆ ಖರ್ಚು ಎಸ್ಕಾಂಗೆ ಇದ್ದೇ ಇದೆ. ಮಳೆಗಾಲದಲ್ಲಿ, ಅದರಲ್ಲೂ ಮಲೆನಾಡು ಕರಾವಳಿಯಲ್ಲಿ, ಉತ್ಪಾದನೆ ಇಳಿಯುತ್ತದೆ. ಅದನ್ನೆಲ್ಲ ಕಳೆದರೂ ಈ ಲೆಕ್ಕ ಗಿಟ್ಟುತ್ತದೆ ಅಂತಲೇ ನಾನು ಹೇಳುವುದು.

ಮನೆಯವರ ಕೈಯಿಂದ ಕಾಸು ಬಿಚ್ಚಿಸದೆ ಎಸ್ಕಾಂ ಅಥವಾ ಸರ್ಕಾರವೇ ಪ್ಯಾನೆಲ್ ಕೂರಿಸುವ ದಾರಿ ಈ ಕೇಂದ್ರ ಯೋಜನೆಯೊಳಗೇ ಇದೆ. ಪಕ್ಕದ ಆಂಧ್ರ ಪರಿಶಿಷ್ಟ ಜಾತಿ, ಪಂಗಡದ ಮನೆಗಳಿಗೆ ಎರಡು ಕಿಲೋವ್ಯಾಟ್ ಉಚಿತವಾಗಿ ಹಾಕಿಸುವ ಕೆಲಸಕ್ಕೆ ಕೈ ಹಾಕಿದೆ. ಉತ್ತರ ಪ್ರದೇಶ, ದೆಹಲಿ ಸರ್ಕಾರಗಳು ಕೇಂದ್ರದ ಸಬ್ಸಿಡಿ ಮೇಲೆ 30,000ದವರೆಗೆ ತಮ್ಮ ಪಾಲು ಸೇರಿಸುತ್ತವೆ. ಪಾವಗಡದಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಕಟ್ಟಿದ ರಾಜ್ಯ ನಮ್ಮದು. ರೈತರ ಸೋಲಾರ್ ಪಂಪ್‌ಸೆಟ್‌ಗೆ ಕೇಂದ್ರದ ಕುಸುಮ್-ಬಿ ಯೋಜನೆಯಲ್ಲಿ ನಮ್ಮ ಸರ್ಕಾರ ಶೇಕಡ 50 ಕೊಡುತ್ತದೆ, ಕೇಂದ್ರ 30, ರೈತ 20. ಹೊಲಕ್ಕೆ ಆಗಿದ್ದು ಮನೆಗೆ ಯಾಕೆ ಆಗಬಾರದು?

ಇನ್ನು ಅಂಗಡಿ, ಸಣ್ಣ ಉದ್ಯಮ. ಸೂರ್ಯ ಘರ್ ಸಬ್ಸಿಡಿ ಮನೆಗಳಿಗೆ ಮಾತ್ರ, ವ್ಯಾಪಾರಕ್ಕೆ ಇಲ್ಲ. ಒಂದು ಹಿಟ್ಟಿನ ಗಿರಣಿ ನೋಡಿ. ಬೆಳಗ್ಗೆ ಹನ್ನೊಂದಕ್ಕೆ ರಾಗಿ ಡಬ್ಬಗಳ ಸಾಲು ಬಾಗಿಲ ತನಕ ಬಂದಿರುತ್ತದೆ. ಮೋಟಾರು ಓಡುತ್ತಿರುತ್ತದೆ, ಮೇಲೆ ಶೀಟಿನ ಚಾವಣಿ ಕಾದು ಕೆಂಡವಾಗಿರುತ್ತದೆ. ಬಿಸಿಲು ಜೋರಾಗಿರುವ ಹೊತ್ತಿಗೇ ಅಲ್ಲಿ ಕೆಲಸವೂ ಜೋರು. ಟೈಲರ್ ಅಂಗಡಿ, ಝೆರಾಕ್ಸ್ ಅಂಗಡಿ, ವಿದ್ಯುತ್ ಮಗ್ಗ ಎಲ್ಲವೂ ಹಗಲು ನಡೆಯುವಂಥವು. ಬಂದ ಕರೆಂಟನ್ನು ಅಲ್ಲೇ ಬಳಸಿಕೊಳ್ಳುವ ಜಾಗ ಅದು. ಮನೆಗಳಲ್ಲಿ ಜಾಸ್ತಿ ಬಳಕೆ ಸಂಜೆ ಮೇಲೆ. ಹಾಗಿದ್ದೂ ಗಿರಣಿಗೆ ಈ ಸಬ್ಸಿಡಿಯಿಂದ ಒಂದು ರೂಪಾಯಿಯೂ ಇಲ್ಲ.

ಉದ್ಯಮಕ್ಕೆ ಸಿಗುವುದು ಆದಾಯ ತೆರಿಗೆಯಲ್ಲಿ ಶೇಕಡ 40 ಸವಕಳಿ, ಅಂದರೆ ಪ್ಯಾನೆಲ್ ಬೆಲೆಯ ಅಷ್ಟು ಭಾಗವನ್ನು ವರ್ಷದ ಲಾಭದಿಂದ ಕಳೆದು ತೆರಿಗೆ ಲೆಕ್ಕ ಹಾಕಬಹುದು. ದೊಡ್ಡ ಲಾಭ ತೋರಿಸುವ ಕಂಪನಿಗೆ ಅದು ಭಾರಿ ಅನುಕೂಲ. ಅಂದಾಜು ಲಾಭದ ಮೇಲೆ ತೆರಿಗೆ ಕಟ್ಟುವ ಸಣ್ಣ ವ್ಯಾಪಾರಿ ಅದನ್ನು ಬೇರೆಯಾಗಿ ಕಳೆಯುವ ಹಾಗೇ ಇಲ್ಲ. ತೆರಿಗೆ ಮಿತಿಗೇ ಬಾರದ ಗಿರಣಿಯವರಿಗಂತೂ ಆ ಮಾತೇ ಇಲ್ಲ. ಇದು ನನಗೆ ನಿಜಕ್ಕೂ ಬೇಜಾರು ತರಿಸುವ ವಿಷಯ. ಐದು ಕಿಲೋವ್ಯಾಟ್ ಒಳಗಿನ ಸಣ್ಣ ಅಂಗಡಿಗಳಿಗೆ ಮನೆಗೆ ಕೊಡುವಷ್ಟೇ ಸಬ್ಸಿಡಿ ಕೊಡಲಿ. ನಾನು ಕೇಳುವುದು ಅಷ್ಟೇ.

ಹಾಕಿಸಬೇಕು ಅಂತ ಓಡಾಡುತ್ತಿರುವವರಿಗೆ ಎರಡು ಮಾತು. ಬ್ಯಾಟರಿ ಇಲ್ಲದ ಮಾಮೂಲಿ ಸೋಲಾರ್, ಲೈನಲ್ಲಿ ಕರೆಂಟ್ ಹೋದಾಗ ತಾನೂ ನಿಲ್ಲುತ್ತದೆ. ಮಟಮಟ ಮಧ್ಯಾಹ್ನವಾದರೂ ಸರಿ. ಕಂಬ ಹತ್ತಿದ ಲೈನ್‌ಮ್ಯಾನ್‌ಗೆ ನಿಮ್ಮ ಮನೆಯ ಕರೆಂಟು ಹೊಡೆಯಬಾರದು ಅಂತ ಆ ವ್ಯವಸ್ಥೆ. ಮಾರುವವರು ಇದನ್ನು ಎಷ್ಟೋ ಸಲ ಹೇಳುವುದೇ ಇಲ್ಲ, ನೀವೇ ಕೇಳಿ.

ಇನ್ನೊಂದು, ಬಿಲ್ಲಿನಲ್ಲಿರುವ ಹೆಸರೂ ಅರ್ಜಿ ಹಾಕುವವರ ಹೆಸರೂ ಒಂದೇ ಆಗಿರಬೇಕು. ನಮ್ಮ ಎಷ್ಟೋ ಮನೆಗಳಲ್ಲಿ ಕರೆಂಟು ಸಂಪರ್ಕದ ಆರ್‌ಆರ್ ನಂಬರ್ ಇವತ್ತಿಗೂ ತೀರಿಹೋದ ತಾತನ ಹೆಸರಲ್ಲೇ ಇದೆ. ಈಗಿನ ಯೋಜನೆ ಇರುವುದು 2026-27ರವರೆಗೆ. ಹಾಗಾಗಿ ಕೊಟೇಶನ್ ತರಿಸುವ ಮೊದಲು ಆಧಾರ್, ಮನೆಯ ಖಾತಾ ಪತ್ರ ಹಿಡಿದುಕೊಂಡು ಎಸ್ಕಾಂನ ಉಪವಿಭಾಗದ ಕಚೇರಿಗೆ ಹೋಗಿ ಹೆಸರು ಬದಲಾಯಿಸಿಕೊಳ್ಳಿ.