ಪರವಾನಗಿಯ ಅವಧಿ, ಸೋರ್ಸ್‌ನ ಆಯಸ್ಸು

ವೇದಿಕೆಯ ಮೇಲಿರುವ ಹಿರಿಯರಿಗೆ, ಮೆಡಿಕಲ್ ಫಿಸಿಕ್ಸ್ ಓದುತ್ತಿರುವ ನಿಮ್ಮೆಲ್ಲರಿಗೆ ನಮಸ್ಕಾರ.

ನಾನು ವಿಕಿರಣ ಸುರಕ್ಷತಾ ಅಧಿಕಾರಿಯಾಗಿ ಕೆಲಸಕ್ಕೆ ಸೇರಿದ ಮೊದಲ ವರ್ಷದ ಮಾತು. ಗರ್ಭಕಂಠದ ಕ್ಯಾನ್ಸರಿಗೆ ಆಗ ವಿಕಿರಣ ಹೊಮ್ಮಿಸುವ ಸೀಸಿಯಂ ತುಂಬಿದ ಕೊಳವೆಗಳನ್ನು ಕೈಯಿಂದಲೇ ಇಡುತ್ತಿದ್ದೆವು. ಚಿಕಿತ್ಸೆ ಮುಗಿದ ಮೇಲೆ ಕೊಳವೆಗಳನ್ನು ಸೀಸದ ಪೆಟ್ಟಿಗೆಗೆ ಹಾಕಿ, ಎಣಿಸಿ, ಪುಸ್ತಕದಲ್ಲಿ ಬರೆದು ಸಹಿ ಮಾಡಬೇಕು. ಒಂದು ಸಂಜೆ ಎಣಿಕೆಯಲ್ಲಿ ಒಂದು ಕಡಿಮೆ ಬಂತು. ಮತ್ತೆ ಎಣಿಸಿದೆ. ಆಗಲೂ ಒಂದು ಕಡಿಮೆ. ವಿಕಿರಣ ಅಳೆಯುವ ಸರ್ವೇ ಮೀಟರ್ ಹಿಡಿದು ವಾರ್ಡಿಗೆ ಓಡಿದೆ, ಅಲ್ಲಿ ಏನೂ ಇಲ್ಲ. ಕೆಳಗೆ ಬಟ್ಟೆ ಒಗೆಯುವ ಕೋಣೆಯ ಬಾಗಿಲಿಗೆ ಬರುವಷ್ಟರಲ್ಲೇ ಮುಳ್ಳು ಮೇಲೇರಿತು. ಮಾರನೆಯ ಬೆಳಿಗ್ಗೆ ಒಗೆಯಲೆಂದು ಕಟ್ಟಿಟ್ಟಿದ್ದ ಗಂಟಿನೊಳಗೆ, ಹತ್ತಿಯ ಪ್ಯಾಕಿಂಗಿಗೆ ಅಂಟಿಕೊಂಡು, ಬೆರಳಿನ ಒಂದು ಗೆಣ್ಣಿನಷ್ಟೂ ಇಲ್ಲದ ಆ ಕೊಳವೆ ಬಿದ್ದಿತ್ತು. ಉದ್ದನೆಯ ಇಕ್ಕಳದಲ್ಲಿ ಎತ್ತಿ ಪೆಟ್ಟಿಗೆಗೆ ಹಾಕಿದಾಗ ನನ್ನ ಕೈ ನಡುಗುತ್ತಿತ್ತು. ಮೇಲೆ ವಿಭಾಗದ ಗೋಡೆಯಲ್ಲಿ ವಿಕಿರಣ ವಸ್ತು ಇಟ್ಟುಕೊಳ್ಳಲು ಕೊಟ್ಟ ಪರವಾನಗಿ ಪತ್ರ, ಕಟ್ಟು ಹಾಕಿಸಿದ್ದು, ತೂಗುತ್ತಿತ್ತು. ಅದರ ಅವಧಿ ಇನ್ನೂ ಬೇಕಾದಷ್ಟು ಬಾಕಿಯಿತ್ತು.

ಇಂದಿನ ವಿಷಯ ಆ ಅವಧಿಯೇ. ಆಸ್ಪತ್ರೆಗೆ, ಕಾರ್ಖಾನೆಗೆ ಕೊಡುವ ಪರವಾನಗಿ ಎಷ್ಟು ವರ್ಷದ್ದಿರಬೇಕು?

ಈ ಪ್ರಶ್ನೆಯನ್ನು ಚರ್ಚಿಸಿ ತೀರ್ಮಾನಿಸಿದ ಒಂದು ದೇಶ ಅಮೆರಿಕ. ಅಲ್ಲಿನ ಪರಮಾಣು ನಿಯಂತ್ರಣ ಸಂಸ್ಥೆ, ನ್ಯೂಕ್ಲಿಯರ್ ರೆಗ್ಯುಲೇಟರಿ ಕಮಿಷನ್, ಮೊದಲು 5 ವರ್ಷಕ್ಕೆ ಪರವಾನಗಿ ಕೊಡುತ್ತಿತ್ತು. 1990ರ ದಶಕದಲ್ಲಿ ಅದು 10 ವರ್ಷವಾಯಿತು, ಮುಂದೆ 15. ಕೇಳಿದ ಕೂಡಲೇ ಇದು ಸಡಿಲಿಕೆ ಅನಿಸುತ್ತದೆ. ನನಗೂ ಹಾಗೇ ಅನಿಸಿತ್ತು. ಆದರೆ ಅವರ ವ್ಯವಸ್ಥೆಯಲ್ಲಿ ತಪಾಸಣೆಗೂ ನವೀಕರಣಕ್ಕೂ ಗಂಟು ಹಾಕಿಲ್ಲ. ಅಪಾಯ ಎಷ್ಟಿದೆಯೋ ಅದಕ್ಕೆ ತಕ್ಕಂತೆ ತಪಾಸಣೆ ನಡೆಯುತ್ತದೆ. ಪೈಪುಗಳ ಬೆಸುಗೆ ಪರೀಕ್ಷಿಸಲು ಇರಿಡಿಯಂ ಹೊತ್ತು ಊರೂರು ತಿರುಗುವ ರೇಡಿಯೋಗ್ರಫಿಯವರ ಬಳಿಗೆ ವರ್ಷಕ್ಕೊಮ್ಮೆ, ರಸ್ತೆ ಕೆಲಸದಲ್ಲಿ ವಿಕಿರಣದಿಂದ ಮಣ್ಣಿನ ತೇವ ಅಳೆಯುವ ಗೇಜ್ ಇಟ್ಟುಕೊಂಡವರ ಬಳಿಗೆ 5 ವರ್ಷಕ್ಕೊಮ್ಮೆ. ಹೊಸ ಬಗೆಯ ಸೋರ್ಸ್, ಅಂದರೆ ವಿಕಿರಣ ಹೊಮ್ಮಿಸುವ ವಸ್ತು, ಬೇಕಾದರೆ, ಜಾಗ ಬದಲಾದರೆ, ಪರವಾನಗಿಯಲ್ಲಿ ತಿದ್ದುಪಡಿ ಆಗಲೇಬೇಕು. ಹೀಗಿರುವಾಗ 5 ವರ್ಷಕ್ಕೊಮ್ಮೆ ಅದೇ ಕಡತವನ್ನು ಮೊದಲಿನಿಂದ ಬರೆಯುವುದು ಎರಡೂ ಕಡೆಯವರ ಸಮಯ ತಿನ್ನುವ ಕೆಲಸ. ಆ ಸಮಯ ಮೀಟರ್ ಹಿಡಿದು ಓಡಾಡುವುದಕ್ಕೆ ಸಿಗಲಿ ಎಂಬುದು ನ್ಯಾಯವಾದ ಮಾತೇ.

ಒಂದು ಲೆಕ್ಕ ನೋಡಿ. ಇರಿಡಿಯಂ-192ರ ಅರ್ಧಾಯು, ಅಂದರೆ ಅದರ ವಿಕಿರಣ ಅರ್ಧಕ್ಕೆ ಇಳಿಯುವ ಕಾಲ, 74 ದಿನ. 15 ವರ್ಷದ ಒಂದು ಪರವಾನಗಿಯೊಳಗೆ ಎಷ್ಟೋ ಸೋರ್ಸ್‌ಗಳು ಬಂದು, ಸತ್ವ ಕಳೆದುಕೊಂಡು, ವಾಪಸು ಹೋಗುತ್ತವೆ. ಸೀಸಿಯಂ-137ರದ್ದು 30 ವರ್ಷ. ಅದೇ 15 ವರ್ಷ ಮುಗಿದಾಗಲೂ ನೂರರಲ್ಲಿ 70 ಪಾಲು ಹಾಗೇ ಉಳಿದಿರುತ್ತದೆ. ಇವೆರಡನ್ನೂ ಕಾಗದದ ಮೇಲಿನ ಒಂದೇ ತಾರೀಖು ಹೇಗೆ ಕಾಯುತ್ತದೆ?

ಕಾಗದದ ಶಕ್ತಿ ಎಷ್ಟೆಂದು 2007ರಲ್ಲಿ ಅಮೆರಿಕದ ಸಂಸತ್ತಿಗೆ ವರದಿ ಮಾಡುವ ತನಿಖಾ ಸಂಸ್ಥೆ, ಗವರ್ನ್‌ಮೆಂಟ್ ಅಕೌಂಟಬಿಲಿಟಿ ಆಫೀಸ್, ಪರೀಕ್ಷೆ ಮಾಡಿಯೇ ತೋರಿಸಿತು. ಇಲ್ಲದ ಕಂಪನಿಯೊಂದರ ಹೆಸರಿನಲ್ಲಿ ಅರ್ಜಿ ಹಾಕಿದರು. 28 ದಿನಕ್ಕೆ ಪರವಾನಗಿ ಕೈಗೆ ಬಂತು. ಎಷ್ಟು ಕೊಳ್ಳಬಹುದೆಂದು ಅದರಲ್ಲಿದ್ದ ಮಿತಿಯನ್ನು ತಿದ್ದಿ ಪ್ರತಿ ಮಾಡಿ ಕಳಿಸಿದರೆ, 45 ಗೇಜ್‌ಗಳನ್ನು ಕೊಡಲು ಮಾರಾಟಗಾರರು ಒಪ್ಪಿದರು. ಅವು ಅಮೆರಿಸಿಯಂ, ಸೀಸಿಯಂ ಇರುವ ಗೇಜ್‌ಗಳು. ಆಮೇಲೆಯೇ, ಹೊಸದಾಗಿ ಅರ್ಜಿ ಹಾಕಿದವರ ಸ್ಥಳಕ್ಕೆ ಮೊದಲು ಹೋಗಿ ಕಣ್ಣಾರೆ ನೋಡುವ ಪದ್ಧತಿ ಬಿಗಿಯಾಯಿತು. ಆ ಪರವಾನಗಿ ಒಂದೇ ವರ್ಷದ್ದಾಗಿದ್ದರೂ ಇದೇ ನಡೆಯುತ್ತಿತ್ತು.

ಹಾಗಾದರೆ ಅಪಾಯ ಹುಟ್ಟುವುದು ಯಾವಾಗ? ಸೋರ್ಸ್ ಕೆಲಸವಿಲ್ಲದೆ ಕುಳಿತ ದಿನ. ದಯವಿಟ್ಟು ಈ ಒಂದು ಮಾತನ್ನು ಬರೆದುಕೊಳ್ಳಿ.

ಬ್ರೆಜಿಲ್‌ನ ಗೊಯಾನಿಯಾದಲ್ಲಿ ಒಂದು ಕ್ಲಿನಿಕ್ 1985ರ ಕೊನೆಗೆ ಬೇರೆ ಕಟ್ಟಡಕ್ಕೆ ಹೋಯಿತು. ಕ್ಯಾನ್ಸರ್ ಚಿಕಿತ್ಸೆಯ ಸೀಸಿಯಂ ಯಂತ್ರ ಹಳೆಯ ಕಟ್ಟಡದಲ್ಲೇ ಉಳಿಯಿತು. ಪರವಾನಗಿ ಕೊಟ್ಟವರಿಗೆ ಅದನ್ನು ತಿಳಿಸಲಿಲ್ಲ. 1987ರ ಸೆಪ್ಟೆಂಬರಿನಲ್ಲಿ ಇಬ್ಬರು ಅದನ್ನು ಬಿಚ್ಚಿ ಒಯ್ದರು, ಅದು ಗುಜರಿ ಅಂಗಡಿ ಸೇರಿತು. ಕತ್ತಲಲ್ಲಿ ನೀಲಿಯಾಗಿ ಹೊಳೆಯುವ ಪುಡಿ ಕಂಡು ಜನ ಬೆರಗಾದರು, ನೆಂಟರಿಷ್ಟರಿಗೆ ಹಂಚಿದರು, ಮೈಗೆ ಹಚ್ಚಿಕೊಂಡರು. ಲಕ್ಷಕ್ಕೂ ಹೆಚ್ಚು ಜನರನ್ನು ಪರೀಕ್ಷೆ ಮಾಡಬೇಕಾಯಿತು. 249 ಮಂದಿಗೆ ಸೀಸಿಯಂ ಅಂಟಿತ್ತು. ನಾಲ್ವರು ಸತ್ತರು. ಅವರಲ್ಲಿ ಒಬ್ಬಳು ಆರು ವರ್ಷದ ಮಗು. ಇಷ್ಟು ವರ್ಷ ಪಾಠ ಮಾಡಿದರೂ ಈ ಸಾಲು ಹೇಳುವಾಗ ನನ್ನ ಗಂಟಲು ಕಟ್ಟುತ್ತದೆ.

ನಮ್ಮಲ್ಲೂ ಆಯಿತು. 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಯಲ್ಲಿ ಕೋಬಾಲ್ಟ್-60 ತಗುಲಿ ಒಬ್ಬ ಕೆಲಸಗಾರ ಸತ್ತ, ಹಲವರು ಆಸ್ಪತ್ರೆ ಸೇರಿದರು. ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ಎಷ್ಟೋ ವರ್ಷ ಬಳಕೆಯಿಲ್ಲದೆ ಬಿದ್ದಿದ್ದ ಗಾಮಾ ಸೆಲ್, ಅಂದರೆ ಪ್ರಯೋಗಕ್ಕೆ ಕೋಬಾಲ್ಟ್ ವಿಕಿರಣ ಕೊಡುವ ಯಂತ್ರ, ಹರಾಜಾಗಿ ಹೋಗಿತ್ತು. ಅದನ್ನು ತಂದವರು, ನಡೆಸಿದವರು ಅಲ್ಲಿಂದ ಹೋಗಿದ್ದಾಗ, ಉಳಿದವರಿಗೆ ಅದು ಜಾಗ ತಿನ್ನುವ ಹಳೆಯ ಕಬ್ಬಿಣವಾಗಿ ಕಾಣಿಸಿದರೆ ಏನು ಆಶ್ಚರ್ಯ?

ಅಮೆರಿಕದ ನಿಯಮಗಳಲ್ಲಿ ನನಗೆ ತುಂಬ ಹಿಡಿಸಿದ ಒಂದು ಅಂಶ ಇಲ್ಲಿಗೆ ಸಂಬಂಧಿಸಿದ್ದು. ಪರವಾನಗಿ ಪಡೆದ ಕೆಲಸ ಸತತ 24 ತಿಂಗಳು ನಡೆಯದಿದ್ದರೆ, ಅವಧಿ ಎಷ್ಟೇ ಉಳಿದಿರಲಿ, 60 ದಿನದೊಳಗೆ ತಿಳಿಸಿ, ಸೋರ್ಸ್ ತೆಗೆದು ಜಾಗ ಶುದ್ಧ ಮಾಡುವ ಕೆಲಸ ಆರಂಭಿಸಬೇಕು. ಜೊತೆಗೆ, ದೊಡ್ಡ ಪ್ರಮಾಣದಲ್ಲಿ ಇಟ್ಟುಕೊಂಡವರು ಅದಕ್ಕೆ ಬೇಕಾದ ಹಣದ ಭರವಸೆಯನ್ನು ಮೊದಲೇ ಕೊಟ್ಟಿರಬೇಕು. 2009ರಿಂದ ಹೆಚ್ಚು ಅಪಾಯದ ಸೋರ್ಸ್‌ಗಳು ಕೈ ಬದಲಾದಾಗಲೆಲ್ಲ ರಾಷ್ಟ್ರೀಯ ದಾಖಲೆಯಲ್ಲಿ ಬರುತ್ತವೆ. ಇಷ್ಟು ಕಟ್ಟು ಬಿಗಿಯಾಗಿದ್ದರೆ 15 ವರ್ಷ ಕೊಡುವುದಕ್ಕೆ ನನ್ನ ಒಪ್ಪಿಗೆಯಿದೆ. ಇದಿಲ್ಲದೆ ಬರೀ ಅವಧಿ ಹೆಚ್ಚಿಸುವುದಕ್ಕೆ ಇಲ್ಲ.

ನಮ್ಮ 2004ರ ವಿಕಿರಣ ಸಂರಕ್ಷಣಾ ನಿಯಮಗಳು ಸಾಮಾನ್ಯವಾಗಿ 5 ವರ್ಷದ ಅವಧಿ ಹೇಳುತ್ತವೆ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಇ-ಲೋರಾ ಎಂಬ ಪರವಾನಗಿ ಜಾಲತಾಣ ಬಂದ ಮೇಲೆ ಅರ್ಜಿ ಆನ್‌ಲೈನ್ ಆಗಿದೆ, ಓಡಾಟ ತಗ್ಗಿದೆ. ನಾಳೆ ನಮ್ಮಲ್ಲೂ ಅವಧಿ ಹೆಚ್ಚಿಸುವ ಮಾತು ಬಂದರೆ ನಾನು ಕೇಳುವುದು ಒಂದೇ: ಪ್ರತಿ ಸೋರ್ಸ್‌ನ ಮುಂದೆ, ಅದನ್ನು ಕೊನೆಯ ಸಲ ಬಳಸಿದ ತಾರೀಖು ಬರೆಯುವ ಕಾಲಂ ಇರಲಿ. ಆ ತಾರೀಖು ಹಳೆಯದಾದರೆ ಯಾರಾದರೂ ಬಂದು ಬಾಗಿಲು ತಟ್ಟಲಿ.

ನೀವು ಮೊದಲ ಕೆಲಸಕ್ಕೆ ಸೇರಿದ ದಿನ ಗೋಡೆಯ ಮೇಲಿನ ಕಟ್ಟು ನೋಡಿ ಸುಮ್ಮನಾಗಬೇಡಿ. ಸ್ಟೋರ್ ರೂಮಿನ ಕೀಲಿ ಕೇಳಿ. ಮೂಲೆಯಲ್ಲಿ ಬಟ್ಟೆ ಹೊದಿಸಿಟ್ಟ ಯಂತ್ರವಿದ್ದರೆ ಬಟ್ಟೆ ಸರಿಸಿ, ಫಲಕ ಓದಿ, ಮೀಟರ್ ಹಿಡಿಯಿರಿ. "ಅದು ಹಳೇದು ಸಾರ್, ಯಾರೂ ಮುಟ್ಟಲ್ಲ" ಎಂದು ಅಟೆಂಡರ್ ಹೇಳುತ್ತಾರೆ. ಅವತ್ತೇ ಕಾಗದ ಬರೆಯಿರಿ.

ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ.