ಬೇರಿಂಗ್ ಸಮುದ್ರದ ಏಡಿ ಬೋಟುಗಳು: ಕ್ಯಾಮೆರಾಕ್ಕೆ ಸಿಗದ ಭಾರ

ಎಲ್ಲರಿಗೂ ನಮಸ್ಕಾರ.

ಇವತ್ತು ಒಂದು ಟಿವಿ ಕಾರ್ಯಕ್ರಮದ ಬಗ್ಗೆ ಮಾತಾಡೋಣ. ಡಿಸ್ಕವರಿ ಚಾನೆಲ್‌ನ ‘ಡೆಡ್ಲಿಯೆಸ್ಟ್ ಕ್ಯಾಚ್’. ನಿಮ್ಮಲ್ಲಿ ಕೆಲವರಾದರೂ ನೋಡಿರುತ್ತೀರಿ. ನೋಡದವರಿಗೆ ಸ್ವಲ್ಪದರಲ್ಲಿ ಹೇಳುತ್ತೇನೆ. ಅಲಾಸ್ಕಾದ ಪಶ್ಚಿಮಕ್ಕೆ ಬೇರಿಂಗ್ ಸಮುದ್ರವಿದೆ. ಅದರ ದಕ್ಷಿಣ ಅಂಚಿನ ಅಲ್ಯೂಷನ್ ದ್ವೀಪಗಳಲ್ಲಿ ಡಚ್ ಹಾರ್ಬರ್ ಎಂಬ ಬಂದರು. ಅಲ್ಲಿಂದ ಏಡಿ ಹಿಡಿಯುವ ಬೋಟುಗಳು ಹೊರಡುತ್ತವೆ, ಜೊತೆಗೆ ಕ್ಯಾಮೆರಾದವರೂ ಹತ್ತುತ್ತಾರೆ. 2005ರ ಏಪ್ರಿಲ್‌ನಲ್ಲಿ ಶುರುವಾದ ಈ ಕಾರ್ಯಕ್ರಮ 20 ವರ್ಷ ದಾಟಿದೆ.

ಕರಾವಳಿಯ ಜನರಿಗೆ ಇದನ್ನು ನೋಡಿದಾಗ ಮೊದಲು ಬರುವ ಪ್ರಶ್ನೆ ಒಂದೇ. ಇವರಿಗೆ ತಲೆ ಸರಿ ಇದೆಯಾ? ಕಡಲು ಹುಚ್ಚೆದ್ದಾಗ ಯಾರಾದರೂ ಬೋಟು ಇಳಿಸುತ್ತಾರಾ? ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ದಕ್ಕೆಯಲ್ಲೇ ನಿಲ್ಲುತ್ತವೆ. ಮಳೆಗಾಲದ ಅಬ್ಬರ ಮತ್ತು ಮೀನು ಮರಿ ಮಾಡುವ ಕಾಲ, ಎರಡೂ ಒಟ್ಟಿಗೆ ಬರುತ್ತವೆ. ಅದು ನಮ್ಮ ಅದೃಷ್ಟ. ಬೇರಿಂಗ್ ಸಮುದ್ರದಲ್ಲಿ ಲೆಕ್ಕ ತಿರುಗುಮುರುಗು. ಅಲ್ಲಿ ಕಿಂಗ್ ಏಡಿ ವಸಂತದಲ್ಲಿ ಚಿಪ್ಪು ಕಳಚಿ ಜೋಡಿಯಾಗುತ್ತದೆ. ಆಮೇಲೆ ನಿಧಾನವಾಗಿ ಹೊಸ ಚಿಪ್ಪಿನೊಳಗೆ ಮಾಂಸ ತುಂಬಿಕೊಳ್ಳುತ್ತದೆ. ಕಾಲಿನ ತುಂಬ ಮಾಂಸ ಇರುವುದು ಅಕ್ಟೋಬರ್ ನಂತರ. ಹಿಮ ಏಡಿ (ಸ್ನೋ ಕ್ರ್ಯಾಬ್) ಎಂಬ ಇನ್ನೊಂದು ಜಾತಿಯ ಸುಗ್ಗಿಯಂತೂ ಜನವರಿ, ಫೆಬ್ರವರಿಯಲ್ಲೇ. ಅಂದರೆ ಏಡಿಗೆ ಬೆಲೆ ಬರುವ ಹೊತ್ತಿಗೇ ಕಡಲು ಕೆಡುತ್ತದೆ. ಹುಚ್ಚು ಧೈರ್ಯದಿಂದ ಹೋಗುವವರಲ್ಲ ಅವರು. ಏಡಿಯ ಪಂಚಾಂಗ ಹಾಗಿದೆ, ಅದಕ್ಕೆ ಹೋಗುತ್ತಾರೆ.

ಕಾರ್ಯಕ್ರಮದ ಶೈಲಿ ನಿಮಗೆ ಗೊತ್ತು. ಗಡಸು ದನಿಯ ನಿರೂಪಣೆ. ಡೆಕ್ ಮೇಲೆ ಅಪ್ಪಳಿಸುವ ಅಲೆ. ಕಿತ್ತಳೆ ಬಣ್ಣದ ರೇನ್‌ಕೋಟ್ ಹಾಕಿಕೊಂಡು ಜಾರುತ್ತಾ ಬೀಳುತ್ತಾ ಕೆಲಸ ಮಾಡುವ ಹುಡುಗರು. ಬೋಟು ನಡೆಸುವ ಕೋಣೆಯಾದ ವೀಲ್‌ಹೌಸ್‌ನಲ್ಲಿ ಸಿಗರೇಟು ಸೇದುತ್ತಾ ಬೈಯುವ ಕ್ಯಾಪ್ಟನ್. ನೋಡುತ್ತಾ ಕೂತರೆ ಇದು ಮನುಷ್ಯನಿಗೂ ಅಲೆಗೂ ನಡೆಯುವ ಕುಸ್ತಿ ಅನ್ನಿಸುತ್ತದೆ. ಎರಡನೇ ಸೀಸನ್‌ನಲ್ಲಿ ಅಲ್ಯೂಷನ್ ಬ್ಯಾಲಡ್ ಎಂಬ ಬೋಟಿಗೆ ಎಲ್ಲಿಂದಲೋ ಒಂದು ದೈತ್ಯ ಅಲೆ ಬಂದು ಹೊಡೆಯುತ್ತದೆ. ಸುಮಾರು 60 ಅಡಿಯ ಅಲೆ ಎಂದು ಕಾರ್ಯಕ್ರಮ ಹೇಳಿತು. ಬೋಟು ಪಕ್ಕಕ್ಕೆ ಮಗುಚಿ, ಹೇಗೋ ಮತ್ತೆ ಎದ್ದು ನಿಲ್ಲುತ್ತದೆ. ಆ ದೃಶ್ಯ ಲೋಕವೆಲ್ಲ ಓಡಾಡಿತು. ಈಗ ಆ ಬೋಟು ಅಲಾಸ್ಕಾದ ಕೆಚಿಕಾನ್‌ನಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ಶಾಂತ ನೀರಿನಲ್ಲಿ ಸುತ್ತಾಡಿಸುತ್ತದೆ. ಏಡಿಗಿಂತ ಪ್ರವಾಸಿಗರು ಒಳ್ಳೆಯ ಕೊಯ್ಲು ಅಂತ ಮಾಲೀಕರಿಗೆ ಅನ್ನಿಸಿರಬೇಕು.

ಆದರೆ ಆ ಸಮುದ್ರದಲ್ಲಿ ಮುಳುಗಿದ ಬೋಟುಗಳ ತನಿಖಾ ವರದಿ ಓದಿದರೆ ಬೇರೆಯೇ ಕಥೆ ಸಿಗುತ್ತದೆ. ಅಲ್ಲಿ ಅಲೆಗಿಂತ ಜಾಸ್ತಿ ಬರುವ ಮಾತು ಭಾರದ್ದು. ಎಷ್ಟು ಭಾರ, ಎಷ್ಟು ಎತ್ತರದಲ್ಲಿ, ಯಾವ ಕಡೆಗೆ.

ಏಡಿ ಹಿಡಿಯುವುದು ಬಲೆಯಲ್ಲಿ ಅಲ್ಲ, ಕಬ್ಬಿಣದ ಪಂಜರದಲ್ಲಿ. ಸುಮಾರು ಏಳು ಅಡಿ ಉದ್ದ, ಏಳು ಅಡಿ ಅಗಲ, ಮೂರು ಅಡಿ ಎತ್ತರ. ಸುತ್ತ ಬಲೆ ಬಿಗಿದಿರುತ್ತದೆ. ಒಂದೊಂದೂ 300 ಕಿಲೋಗಿಂತ ಜಾಸ್ತಿ. ಒಳಗೆ ಕೊಚ್ಚಿದ ಹೆರಿಂಗ್, ಕಾಡ್ ಮೀನು ಕಟ್ಟಿ ತಳಕ್ಕೆ ಬಿಡುತ್ತಾರೆ. ಒಂದೆರಡು ದಿನ ಬಿಟ್ಟು ಎಳೆಯುತ್ತಾರೆ. ಹೆಣ್ಣು ಏಡಿ, ಸಣ್ಣ ಏಡಿ ವಾಪಸ್ ನೀರಿಗೆ. ಸೀಸನ್ ಶುರುವಾಗುವಾಗ ಈ ಪಂಜರಗಳೆಲ್ಲ ಡೆಕ್ ಮೇಲೆ ಒಂದರ ಮೇಲೊಂದು ಪೇರಿಸಿರುತ್ತವೆ. ನೂರು, ನೂರೈವತ್ತು, ಇನ್ನೂರು. ಕಬ್ಬಿಣದ ಗುಡ್ಡವೇ ಬೋಟಿನ ತಲೆಯ ಮೇಲೆ ಕೂತಿರುತ್ತದೆ.

ಇದರ ಮೇಲೆ ಹಿಮ. ಸಮುದ್ರದ ಉಪ್ಪುನೀರು ಹೆಪ್ಪುಗಟ್ಟುವುದು ಸೊನ್ನೆಗಿಂತ ಸುಮಾರು 1.8 ಡಿಗ್ರಿ ಕೆಳಗೆ. ಗಾಳಿ ಅದಕ್ಕಿಂತ ತುಂಬ ತಣ್ಣಗಿದ್ದಾಗ, ಅಲೆಯಿಂದ ಸಿಡಿದ ತುಂತುರು ಕಬ್ಬಿಣಕ್ಕೆ ತಾಗಿದ ಕೂಡಲೇ ಗಟ್ಟಿಯಾಗುತ್ತದೆ. ಕಂಬಿ, ಹಗ್ಗ, ಪಂಜರ, ವೀಲ್‌ಹೌಸ್, ಎಲ್ಲದರ ಮೇಲೂ ಪದರ ಪದರವಾಗಿ ಏರುತ್ತದೆ. ನಮ್ಮ ಮಲ್ಪೆಯ ಬೋಟಿನವರು ಮೀನು ಕೆಡದಿರಲಿ ಅಂತ ದುಡ್ಡು ಕೊಟ್ಟು ಮಂಜುಗಡ್ಡೆ ತುಂಬಿಸಿಕೊಳ್ಳುತ್ತಾರೆ. ಅಲ್ಲಿ ಅದು ಕೇಳದೆಯೇ ಹತ್ತಿ ಕೂರುತ್ತದೆ. ಟನ್‌ಗಟ್ಟಲೆ. ಅದೂ ಎತ್ತರದಲ್ಲಿ, ಮತ್ತು ಗಾಳಿ ಬೀಸುವ ಬದಿಗೆ ಜಾಸ್ತಿ. ಬೋಟಿನ ಭಾರದ ಕೇಂದ್ರ ಮೇಲೆ ಮೇಲೆ ಹೋಗುತ್ತದೆ. ಒಂದು ಹಂತದ ನಂತರ, ಅಲೆಗೆ ವಾಲಿದ ಬೋಟು ಮತ್ತೆ ನೆಟ್ಟಗಾಗುವುದಿಲ್ಲ. ಇದಕ್ಕೆ ದೈತ್ಯ ಅಲೆಯೇ ಬೇಕಾಗಿಲ್ಲ. ಅದಕ್ಕೇ ಹುಡುಗರು ನಡುರಾತ್ರಿ ಎದ್ದು ಸುತ್ತಿಗೆ ಹಿಡಿದು ಹಿಮ ಒಡೆಯುವುದು. ಟಿವಿಯಲ್ಲಿ ಆ ದೃಶ್ಯ ಚಿಕ್ಕದು, ಬೇಗ ಮುಗಿಯುತ್ತದೆ. ನಿಜದಲ್ಲಿ ಪ್ರಾಣ ಉಳಿಸುವ ಕೆಲಸ ಅದೇ.

ಇನ್ನೊಂದು ವಿಷಯ ಕ್ಯಾಮೆರಾಕ್ಕೆ ಸಿಗುವುದೇ ಇಲ್ಲ: ಬೋಟಿನ ಹೊಟ್ಟೆಯೊಳಗಿನ ಟ್ಯಾಂಕು. ಏಡಿಯನ್ನು ಜೀವಂತವಾಗಿಯೇ ಫ್ಯಾಕ್ಟರಿಗೆ ಕೊಡಬೇಕು. ಸತ್ತ ಏಡಿ ಬೇಗ ಕೆಟ್ಟು ಪಕ್ಕದ್ದನ್ನೂ ಕೆಡಿಸುತ್ತದೆ. ಹಾಗಾಗಿ ಟ್ಯಾಂಕಿನಲ್ಲಿ ಸಮುದ್ರದ ನೀರು ಹರಿಯುತ್ತಲೇ ಇರಬೇಕು. ಆ ಟ್ಯಾಂಕು ಪೂರ್ತಿ ತುಂಬಿರಬೇಕು, ಇಲ್ಲವೇ ಪೂರ್ತಿ ಖಾಲಿ ಇರಬೇಕು. ಅರ್ಧ ತುಂಬಿದರೆ ಅಪಾಯ. ಹರಿವಾಣದಲ್ಲಿ ನೀರು ಹಾಕಿಕೊಂಡು ನಡೆದು ನೋಡಿ. ಸ್ವಲ್ಪ ವಾಲಿದರೆ ನೀರೆಲ್ಲ ಆ ಕಡೆಗೇ ನುಗ್ಗಿ ಇನ್ನಷ್ಟು ವಾಲಿಸುತ್ತದೆ, ಅಲ್ವಾ? ಟ್ಯಾಂಕಿನಲ್ಲೂ ಅದೇ ಆಗುತ್ತದೆ, ಟನ್‌ಗಳ ಲೆಕ್ಕದಲ್ಲಿ.

ಹಾಗಾದರೆ ಅಲೆಯನ್ನು ಎದುರಿಸುವ ಕಲೆ ಇಲ್ಲವೇ ಇಲ್ಲವೇ? ಖಂಡಿತ ಇದೆ. ಕಡಲು ತೀರಾ ಕೆಟ್ಟಾಗ ಅನುಭವಿ ಕ್ಯಾಪ್ಟನ್ ಕೆಲಸ ನಿಲ್ಲಿಸಿ ಬೋಟಿನ ಮೂತಿಯನ್ನು ಅಲೆಗೆ ಎದುರು ಹಿಡಿಯುತ್ತಾನೆ. ಎಂಜಿನ್ ನಿಧಾನ. ಮುಂದೆ ಹೋಗುವುದೂ ಇಲ್ಲ, ಹಿಂದೆ ಸರಿಯುವುದೂ ಇಲ್ಲ. ಗಂಟೆಗಟ್ಟಲೆ ಹಾಗೇ. ಬೆನ್ನ ಹಿಂದಿನಿಂದ ಬರುವ ಅಲೆ ಇನ್ನೂ ಕೆಟ್ಟದ್ದು. ಅದು ಹಿಂಭಾಗವನ್ನು ಎತ್ತಿ ಬೋಟನ್ನು ಅಡ್ಡ ತಿರುಗಿಸಿಬಿಡುತ್ತದೆ. ನಮ್ಮ ತಂಡೇಲರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಗಂಟೆಗಟ್ಟಲೆ ಸುಮ್ನೆ ನಿಂತ ಬೋಟನ್ನು ಟಿವಿಯಲ್ಲಿ ಎಷ್ಟು ಹೊತ್ತು ತೋರಿಸಲು ಆದೀತು?

ತೋರಿಸಲು ಆಗದ್ದಕ್ಕೆ ಸಂಪಾದಕರು ಕತ್ತರಿ ಹಿಡಿಯುತ್ತಾರೆ. 2008ರಲ್ಲಿ ಒಂದು ವಿವಾದ ಎದ್ದಿತ್ತು. ವಿಜರ್ಡ್ ಎಂಬ ಬೋಟಿನಲ್ಲಿ ಬೇರೆ ಬೇರೆ ದಿನ ಚಿತ್ರಿಸಿದ್ದನ್ನು ಒಂದೇ ಬಿರುಗಾಳಿಯ ಘಟನೆ ಎಂಬಂತೆ ಜೋಡಿಸಿದ್ದಾರೆ ಎಂಬ ಸುದ್ದಿ ಬಂತು. ನನಗೆ ಅದು ದೊಡ್ಡ ಅಪರಾಧ ಅನ್ನಿಸುವುದಿಲ್ಲ. ಅಲ್ಲಿ ತೋರಿಸಿದ ಅಲೆಯೂ ನಿಜ, ಒಳಗೆ ನುಗ್ಗಿದ ನೀರೂ ನಿಜ. ನನ್ನ ತಕರಾರು ಕತ್ತರಿಯ ಮೇಲಲ್ಲ, ಕ್ಯಾಮೆರಾ ನಿಂತ ಜಾಗದ ಮೇಲೆ.

ಕಾಲದ ಲೆಕ್ಕ ನೋಡಿ. 1990ರ ದಶಕದಲ್ಲಿ ಈ ಏಡಿ ಬೋಟುಗಳಲ್ಲಿ 70ಕ್ಕೂ ಹೆಚ್ಚು ಜನ ಸತ್ತರು. ಆಗ ಈ ಕಾರ್ಯಕ್ರಮ ಶುರುವೇ ಆಗಿರಲಿಲ್ಲ. 1999ರಲ್ಲಿ ಅಮೆರಿಕದ ಕೋಸ್ಟ್ ಗಾರ್ಡ್ ಒಂದು ಕೆಲಸ ಶುರು ಮಾಡಿತು. ಸೀಸನ್‌ಗೆ ಮೊದಲು ದಕ್ಕೆಗೇ ಹೋಗಿ ಬೋಟು ನೋಡುವುದು. ಈ ಬೋಟಿಗೆ ಎಷ್ಟು ಪಂಜರ ಹೊರಲು ಮಿತಿ ಇದೆ, ನೀವು ಎಷ್ಟು ಹೇರಿದ್ದೀರಿ? ಜಾಸ್ತಿ ಇದ್ದರೆ ಇಳಿಸಿ ಹೋಗಿ. ಅಷ್ಟೇ. ಮುಂದಿನ ದಶಕದಲ್ಲಿ ಸಾವು ಸರಾಸರಿ ವರ್ಷಕ್ಕೆ ಒಬ್ಬರ ಆಸುಪಾಸಿಗೆ ಇಳಿಯಿತು. ಪುಸ್ತಕ ಹಿಡಿದು ಪಂಜರ ಎಣಿಸುವ ಅಧಿಕಾರಿಯನ್ನು ಯಾವ ಚಾನೆಲ್ ಹೀರೋ ಮಾಡುತ್ತದೆ ಹೇಳಿ?

2005ರಲ್ಲಿ ಇನ್ನೊಂದು ಬದಲಾವಣೆ. ಅಲ್ಲಿಯವರೆಗೆ ಇದು ಓಟದ ಸ್ಪರ್ಧೆ. ಎಲ್ಲರಿಗೂ ಸೇರಿ ಒಂದು ಒಟ್ಟು ಮಿತಿ, ಯಾರು ಎಷ್ಟು ಬೇಗ ಹಿಡಿದರೆ ಅವರಿಗೆ ಅಷ್ಟು. ಕಿಂಗ್ ಏಡಿಯ ಸೀಸನ್ ನಾಲ್ಕೈದು ದಿನಕ್ಕೇ ಮುಗಿದುಹೋಗುತ್ತಿತ್ತು. ಆ ನಾಲ್ಕೈದು ದಿನ ಬಿರುಗಾಳಿ ಬಂದರೂ ನಿಲ್ಲುವಂತಿಲ್ಲ, ನಿದ್ದೆ ಮಾಡುವಂತಿಲ್ಲ. ಕಾರ್ಯಕ್ರಮದ ಮೊದಲ ಸೀಸನ್‌ನಲ್ಲಿ ನೀವು ನೋಡುವುದು ಆ ಓಟದ ಕೊನೆಯ ವರ್ಷವನ್ನು. 2005ರ ಜನವರಿಯಲ್ಲಿ ಹಿಮ ಏಡಿಯ ಸೀಸನ್ ತೆರೆದ ದಿನವೇ ಬಿಗ್ ವ್ಯಾಲಿ ಎಂಬ ಬೋಟು ಮುಳುಗಿತು. ಆರು ಜನರಲ್ಲಿ ಉಳಿದದ್ದು ಒಬ್ಬರು. ಮಿತಿಗಿಂತ ಜಾಸ್ತಿ ಪಂಜರ ಹೇರಿದ್ದರೆಂದು ಆಮೇಲೆ ತಿಳಿಯಿತು. ಅದೇ ವರ್ಷ ಸರ್ಕಾರ ಒಟ್ಟು ಮಿತಿಯಲ್ಲಿ ಪ್ರತಿ ಬೋಟಿಗೂ ಅದರದೇ ಪಾಲು ಹಂಚಿತು. ಪಾಲು ಕೈಯಲ್ಲಿದ್ದರೆ ಬಿರುಗಾಳಿಯ ದಿನ ಬಂದರಿನಲ್ಲಿ ಕೂತು ಕಾಫಿ ಕುಡಿಯಬಹುದು. ಇದಕ್ಕೂ ಬೆಲೆ ತೆರಬೇಕಾಯಿತು. ಪಾಲು ಕೆಲವೇ ಬೋಟುಗಳ ಕಡೆ ಸೇರಿತು. ಸುಮಾರು 250 ಬೋಟುಗಳಿದ್ದದ್ದು ನೂರಕ್ಕಿಂತ ಕೆಳಗೆ ಇಳಿಯಿತು. ಡೆಕ್ ಮೇಲಿನ ಎಷ್ಟೋ ಹುಡುಗರ ಕೆಲಸ ಹೋಯಿತು. ಅವರೂ ನಮ್ಮವರ ಹಾಗೆ ಸಂಬಳದವರಲ್ಲ, ಹಿಡಿದದ್ದರಲ್ಲಿ ಪಾಲು ಪಡೆಯುವವರು. ಬೋಟು ಇಲ್ಲದಿದ್ದರೆ ಪಾಲೂ ಇಲ್ಲ.

ಅಪಾಯ ಪೂರ್ತಿ ಹೋಗಲಿಲ್ಲ. 2017ರ ಫೆಬ್ರವರಿ 11ರಂದು ಡೆಸ್ಟಿನೇಷನ್ ಎಂಬ ಬೋಟು ಸೇಂಟ್ ಜಾರ್ಜ್ ದ್ವೀಪದ ಹತ್ತಿರ ಮುಳುಗಿತು. ಆರು ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಸಹಾಯಕ್ಕೆ ಕೂಗಿದ ದನಿಯೂ ರೇಡಿಯೋದಲ್ಲಿ ಕೇಳಲಿಲ್ಲ. ನೀರಿಗೆ ಬಿದ್ದ ಬೀಕನ್, ಅಂದರೆ ತುರ್ತು ಸಂಕೇತದ ಯಂತ್ರ, ಕಳಿಸಿದ ಸಂಕೇತ ಮಾತ್ರ ಸಿಕ್ಕಿತು. ಡೆಕ್ ಮೇಲೆ 200 ಪಂಜರಗಳಿದ್ದವು. ಮುಳುಗಿದ ಜಾಗದಿಂದ ಒಂದು ಪಂಜರ ಮೇಲೆತ್ತಿ ತೂಗಿದರು. ಬೋಟು ಎಷ್ಟು ಪಂಜರ ಹೊರಬಹುದೆಂದು ಲೆಕ್ಕ ಹಾಕಿದ ಪುಸ್ತಕದಲ್ಲಿ ಬರೆದದ್ದಕ್ಕಿಂತ ಅದು ಭಾರವಾಗಿತ್ತು. ಒಂದೊಂದರಲ್ಲಿ ಹತ್ತಾರು ಕಿಲೋ ವ್ಯತ್ಯಾಸ, 200ರಿಂದ ಗುಣಿಸಿ ನೋಡಿ. ಮೇಲೆ ಹಿಮ, ಜೊತೆಗೆ ದಿನಗಟ್ಟಲೆಯ ದಣಿವು. 2019ರ ಡಿಸೆಂಬರ್ 31ರಂದು ಸ್ಕ್ಯಾಂಡೀಸ್ ರೋಸ್ ಮುಳುಗಿದಾಗ ಏಳರಲ್ಲಿ ಐವರು ಹೋದರು. ಅಲ್ಲೂ ಹಿಮ, ಅಲ್ಲೂ ತಪ್ಪು ಲೆಕ್ಕದ ಪುಸ್ತಕ.

ಕಾರ್ಯಕ್ರಮಕ್ಕೆ ನ್ಯಾಯವಾಗಿ ಸಲ್ಲಬೇಕಾದ್ದನ್ನೂ ಹೇಳುತ್ತೇನೆ. 2010ರಲ್ಲಿ ಕಾರ್ನೀಲಿಯಾ ಮರೀ ಬೋಟಿನ ಕ್ಯಾಪ್ಟನ್ ಫಿಲ್ ಹ್ಯಾರಿಸ್ ಸೇಂಟ್ ಪಾಲ್ ದ್ವೀಪದಲ್ಲಿ ಏಡಿ ಇಳಿಸುತ್ತಿದ್ದಾಗ ಪಾರ್ಶ್ವವಾಯು ಬಡಿದು, ಕೆಲವು ದಿನಗಳ ನಂತರ ತೀರಿಕೊಂಡರು. ಕಾರ್ಯಕ್ರಮ ಅದನ್ನು ಅಬ್ಬರವಿಲ್ಲದೆ ತೋರಿಸಿತು. ನಿದ್ದೆಗೆಟ್ಟ ವರ್ಷಗಳು, ಸಿಗರೇಟು, ಕಾಫಿ, ಇವು ದೇಹಕ್ಕೆ ಏನು ಮಾಡುತ್ತವೆ ಅಂತ ನೋಡುವವರಿಗೆ ಹೇಳದೆಯೇ ಗೊತ್ತಾಯಿತು. ಆ ಸಂಚಿಕೆಗಳಲ್ಲಿ ದೊಡ್ಡ ಅಲೆ ಬೇಕಾಗಲಿಲ್ಲ.

ಇಲ್ಲಿ ಮಾಧ್ಯಮ ಓದುವ ಹುಡುಗ ಹುಡುಗಿಯರಿದ್ದೀರಿ. ನಾಳೆ ನಮ್ಮ ಕರಾವಳಿಯ ಮೇಲೆ ಇಂಥದ್ದೊಂದು ಮಾಡುವ ಆಸೆ ನಿಮಗೆ ಬಂದರೆ, ಡ್ರೋನ್ ಹಿಡಿದು ನಡುಗಡಲಿಗೆ ಓಡಬೇಡಿ. ನಮ್ಮಲ್ಲಿ ಎಷ್ಟೋ ದೋಣಿ ಮಗುಚುವುದು ದಡ ಕಾಣುವಷ್ಟು ಹತ್ತಿರ, ಅಳಿವೆ ಬಾಗಿಲಿನಲ್ಲಿ. ನದಿ ತಂದ ಹೂಳು ತುಂಬಿರುತ್ತದೆ, ಆಳ ಇಲ್ಲದ ಕಡೆ ಅಲೆ ಒಡೆಯುತ್ತದೆ. ಅಲ್ಲಿ ಹೂಳು ಯಾವಾಗ ತೆಗೆದರು, ಎಷ್ಟು ತೆಗೆದರು, ಲೈಫ್ ಜಾಕೆಟ್ ಯಾಕೆ ಕ್ಯಾಬಿನ್‌ನ ಮೂಲೆಯಲ್ಲೇ ಬಿದ್ದಿರುತ್ತದೆ ಎಂದು ಕಲಾಸಿಗಳನ್ನೇ ಕೇಳಿ. ಹಾಕಿಕೊಂಡರೆ ಬಲೆ ಎಳೆಯಲು ಆಗುವುದಿಲ್ಲ ಅನ್ನುತ್ತಾರೆ. ಅಲ್ಲಿಂದಲೇ ನಿಮ್ಮ ಮೊದಲ ಸಂಚಿಕೆ ಶುರು ಮಾಡಬಹುದು.

ಕೊನೆಗೆ ಏಡಿಯ ಸುದ್ದಿ. 2018, 2019ರಲ್ಲಿ ಬೇರಿಂಗ್ ಸಮುದ್ರದ ನೀರು ಬಿಸಿಯಾಯಿತು. ಬಿಸಿ ನೀರಿನಲ್ಲಿ ಏಡಿಗೆ ಹಸಿವು ಜಾಸ್ತಿ, ಅಷ್ಟು ಆಹಾರ ಅಲ್ಲಿರಲಿಲ್ಲ. ಸಾವಿರ ಕೋಟಿಗೂ ಹೆಚ್ಚು ಹಿಮ ಏಡಿಗಳು ಕಾಣೆಯಾದವು ಎಂದು ವಿಜ್ಞಾನಿಗಳು ಲೆಕ್ಕ ಹಾಕಿದರು. 2022ರಲ್ಲಿ ಹಿಮ ಏಡಿಯ ಸೀಸನ್ನನ್ನೇ ಮುಚ್ಚಿದರು, ಇತಿಹಾಸದಲ್ಲಿ ಮೊದಲ ಸಲ. ಕೆಂಪು ಕಿಂಗ್ ಏಡಿಯದ್ದು 2021ರಲ್ಲೇ ಮುಚ್ಚಿ, 2023ರಲ್ಲಿ ತೆರೆಯಿತು. ಹಿಮ ಏಡಿ 2024ರಲ್ಲಿ ತೀರಾ ಸಣ್ಣ ಪಾಲಿನೊಂದಿಗೆ ತೆರೆಯಿತು. ಆ ವರ್ಷಗಳಲ್ಲೂ ಕಾರ್ಯಕ್ರಮ ನಿಲ್ಲಲಿಲ್ಲ. ಅಲೆಗಳಿಗೆ ಕೊರತೆ ಇರಲಿಲ್ಲವಲ್ಲ.

ಪ್ರಶ್ನೆಗಳಿದ್ದರೆ ಕೇಳಿ. ಬೋಟಿನಲ್ಲಿ ದುಡಿದವರು ಯಾರಾದರೂ ಇಲ್ಲಿದ್ದರೆ, ಮೊದಲ ಮಾತು ಅವರದೇ ಆಗಲಿ.